ಹಸಿರು ಪಟ್ಟಿ ಬಿದ್ದ ಮೇಲೆ

೮ ಸೆಪ್ಟೆಂಬರ್ ೨೦೦೮, ಸೋಮವಾರ
ಗೋಕಾಕ

ಇವತ್ತಿನಿಂದ ಬರೆಯುತ್ತೇನೆ. ಯಾರಿಗೂ ತೋರಿಸುವುದಕ್ಕಲ್ಲ. ಬಾಯಿಬಿಟ್ಟು ಹೇಳಿದರೆ ಹೆಂಡತಿ ನೇತ್ರಾ ನಗುತ್ತಾಳೆ, ಅವ್ವ ದೃಷ್ಟಿ ತೆಗೆಯಲು ಉಪ್ಪು ಹಿಡಿದುಕೊಂಡು ಬರುತ್ತಾಳೆ. ಗೊಬ್ಬರದ ಅಂಗಡಿಯವರು ಕೊಟ್ಟ ಡೈರಿ ಗೋಡೆಯ ಮಾಡದಲ್ಲಿ ಸುಮ್ಮನೆ ಬಿದ್ದಿತ್ತು. ನಾನು ಎಂಟನೇ ಇಯತ್ತೆ ಬಿಟ್ಟು ಗ್ಯಾರೇಜು ಸೇರಿದವನು. ಮುಂದೆ ಹೊರಗಿನಿಂದ ಹತ್ತನೇ ಇಯತ್ತೆಗೆ ಕೂತು ನಪಾಸಾದೆ, ಮತ್ತೆ ಕೂತು ಮತ್ತೆ ನಪಾಸಾದೆ. ಇಲ್ಲಿ ಅಕ್ಷರ ತಪ್ಪಿದರೂ ಕೆಂಪು ಶಾಯಿ ಹಚ್ಚುವವರಿಲ್ಲ.

ಹೊಸ ಸಾಮಾನು ಬಂದದ್ದೇ ಬರೆಯಲು ಕಾರಣ. ನಾನು ಮೊಬೈಲ್ ಟವರುಗಳ ದುರಸ್ತಿ ನೋಡುವ ಗುತ್ತಿಗೆದಾರರ ಜೀಪು ಹೊಡೆಯುತ್ತೇನೆ. ಜೀಪಿನಲ್ಲಿ ನಾವು ಮೂವರೇ. ಬೆಲ್ಲದ ಬಾಗೇವಾಡಿಯ ಶ್ರೇಯಸ ಸರ್ ಇಂಜಿನಿಯರು. ಟವರು ಹತ್ತುವವನು ಯಲ್ಲಪ್ಪಣ್ಣ. ನಮ್ಮ ಓಣಿಯವನೇ, ನನಗೆ ಈ ಕೆಲಸ ಕೊಡಿಸಿದವನೂ ಅವನೇ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಟವರುಗಳೆಲ್ಲ ನಮ್ಮ ಪಾಲಿಗೆ ಬಂದಿವೆ.

ಯಲ್ಲಪ್ಪಣ್ಣ ಮೇಲೆ ಹತ್ತುವ ಮುಂಚೆ ಟವರು ಬಿಡುವ ತರಂಗ ಬಂದ್ ಆಗಿರಬೇಕು. ಆಗಿದೆಯೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಕೇಳುವುದಿಲ್ಲ. ಹುಕ್ಕೇರಿ ಕಡೆಯ ಖಂಡೆಪ್ಪ ಎಂಬವನು ಹೋದ ವರ್ಷ ಬೇರೆಯವರ ಕೈಕೆಳಗೆ ಕೆಲಸ ಮಾಡುವಾಗ ಚಾಲೂ ಇದ್ದ ಕೇಬಲ್ಲಿನ ಜೋಡಣೆ ಬಿಚ್ಚಿದ. ನಾನು ಅವನ ಬೆರಳು ನೋಡಿದ್ದೇನೆ. ಮೇಲಿನ ಚರ್ಮ ಹೆಚ್ಚುಕಡಿಮೆ ಹಾಗೇ ಇತ್ತು, ಸುಟ್ಟದ್ದೆಲ್ಲ ಒಳಗೆ. ಈಗ ಅವನಿಗೆ ರೊಟ್ಟಿ ಮುರಿಯಲೂ ಹೆಂಡತಿ ಬೇಕು.

ಇಷ್ಟು ದಿನ ನೋಡಲು ಹಾರ್ಮೋನಿಯಂ ಪೆಟ್ಟಿಗೆಯಂಥ ದೊಡ್ಡ ಮೀಟರು ಇತ್ತು. ಇವತ್ತು ಸರ್ ಅಂಗೈಯಲ್ಲಿ ಹಿಡಿಸುವ ಒಂದು ಸಾಮಾನು ತಂದರು. ಪವರ್ ಸೆನ್ಸರ್ ಅಂತೆ. ಸಣ್ಣ ಟಾರ್ಚಿನ ಗಾತ್ರ. ಒಂದು ತುದಿಯಲ್ಲಿ ಉಕ್ಕಿನ ದುಂಡು ಬಾಯಿ, ಬಾಯೊಳಗೆ ಒಂದು ಸಣ್ಣ ಮೊಳೆ, ಮೇಲೆ ಹಳದಿ ಮುಚ್ಚಳ. ಇನ್ನೊಂದು ತುದಿಯ ವೈರು ಲ್ಯಾಪ್‌ಟಾಪಿಗೆ ಹೋಗುತ್ತದೆ, ಪೆನ್ ಡ್ರೈವ್ ಹಾಕುವ ಅದೇ ತೂತಿಗೆ. ಟವರಿನ ಕೆಳಗಿರುವ ಯಂತ್ರದಲ್ಲಿ, ಮೇಲೆ ಹೋಗುವ ಶಕ್ತಿಯೊಳಗಿಂದ ಒಂದು ಚಿಟಿಕೆಯಷ್ಟು ಹೊರಗೆ ಕೊಡುವ ಜಾಗ ಇರುತ್ತದೆ. ಅಲ್ಲಿ ಇದನ್ನು ತಿರುವಿ ಕೂಡಿಸಿದರೆ ಪರದೆಯ ಮೇಲೆ ಹಸಿರು ಪಟ್ಟಿ ಏರುತ್ತದೆ. ಬಂದ್ ಆದರೆ ಪಟ್ಟಿ ನೆಲಕ್ಕೆ ಬೀಳುತ್ತದೆ. ಪಟ್ಟಿ ಬಿದ್ದರೆ ಯಲ್ಲಪ್ಪಣ್ಣ ಹತ್ತುತ್ತಾನೆ. ಇಷ್ಟೇ ಲೆಕ್ಕ.

ಸರ್ ಅದನ್ನು ನನ್ನ ಕೈಗೆ ಕೊಟ್ಟರು. ಬಿಸಿಲು, ನೀರು, ಪೆಟ್ಟು ತಾಗದಂತೆ ಇಟ್ಟುಕೊಳ್ಳುವ ಜವಾಬ್ದಾರಿ ಇನ್ನು ನನ್ನದಂತೆ. ಒಬ್ಬ ಮನುಷ್ಯನ ಎರಡೂ ಕೈ ಅಂಗೈಯಗಲದ ಸಾಮಾನಿನ ಮೇಲೆ ನಿಂತಿವೆ, ಆ ಸಾಮಾನು ನನ್ನಂಥವನ ಹತ್ತಿರ ಇದೆ. ಊಟ ಸೇರಲಿಲ್ಲ.

೧೨ ಸೆಪ್ಟೆಂಬರ್, ಶುಕ್ರವಾರ
ಹುಕ್ಕೇರಿ

ಮಾನ ಹೋಯಿತು.

ಹುಕ್ಕೇರಿ ಟವರಿನಲ್ಲಿ ಪಟ್ಟಿ ಬಿದ್ದಿತ್ತು, ಯಲ್ಲಪ್ಪಣ್ಣ ಅರ್ಧ ಹತ್ತಿದ್ದ. ನನಗೆ ಗುಂಯ್ ಎಂದು ಶಬ್ದ ಕೇಳಿತು. ಕಾಲೊಳಗಿಂದ ಹತ್ತಿ ಹಲ್ಲಿಗೆ ಬಂತು. ಚಾಲೂ ಆಗಿಬಿಟ್ಟಿದೆ ಎಂದು ಕೂಗಿದೆ, ಇಳಿ ಇಳಿ ಎಂದು ಹೊಯ್ಕೊಂಡೆ. ಅವನು ಗಾಬರಿಯಿಂದ ಇಳಿಯುವಾಗ ಮೊಣಕಾಲು ಕೆತ್ತಿಸಿಕೊಂಡ. ನೋಡಿದರೆ ಬಾಜೂ ಮನೆಯವರ ಹಿಟ್ಟಿನ ಗಿರಣಿ ಶುರುವಾಗಿತ್ತು. ಅದೇ ಹೊತ್ತಿಗೆ ಕರೆಂಟು ಬಂದಿತ್ತಂತೆ.

ಗಿರಣಿಗೆ ಜೋಳ ತಂದಿದ್ದ ಹೆಣ್ಣುಮಕ್ಕಳೂ ನಕ್ಕರು. ಯಲ್ಲಪ್ಪಣ್ಣ ಮೊಣಕಾಲು ಒರೆಸಿಕೊಳ್ಳುತ್ತ, "ಲೇ ಕಾಶ್ಯಾ, ಮುಂದಿನ ಸಲ ನೀ ಹೊಯ್ಕೊಂಡ್ರ ನಾ ಇಳಿಯಾಂವಲ್ಲ. ಹಿಟ್ಟು ಬೀಸಿದ ಮ್ಯಾಲೆ ರೊಟ್ಟಿ ಕಳಿಸಿ ಕೊಡು" ಅಂದ.

ಸರ್ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದರು, ಪಟ್ಟಿ ಬಿದ್ದೇ ಇತ್ತು. ಅದೇ ಹೆಚ್ಚು ಮನಸ್ಸಿಗೆ ಹತ್ತಿತು.

೧೩ ಸೆಪ್ಟೆಂಬರ್, ಶನಿವಾರ

ಓಣಿಯಲ್ಲಿ ಗೊತ್ತಾಗಿದೆ. ಹಾಲು ತರಲು ಹೋದರೆ ಒಬ್ಬ ಗುಂಯ್ ಅಂದ.

೨೪ ಸೆಪ್ಟೆಂಬರ್, ಬುಧವಾರ
ಮೂಡಲಗಿ

ಇಲ್ಲಿಯವರೆಗೆ ಸೆನ್ಸರು ಸರಿಯಾಗಿದೆ. ನಾನೇ ಸರಿಯಿಲ್ಲ. ಅದನ್ನು ಮುಟ್ಟಿದ ಕೈ ಜುಮ್ಮೆನ್ನುತ್ತದೆ. ದಿನಾ ಟವರಿನ ತರಂಗ ಕುಡಿಯುವ ಸಾಮಾನು. ಕುಡಿದದ್ದು ಒಳಗೆ ಉಳಿಯದೆ ಎಲ್ಲಿ ಹೋಗುತ್ತದೆ? ಸರ್‌ಗೆ ಕೇಳಿದೆ. ಅದು ಬಿಸಿಯಾಗಿ ಹೋಗಿಬಿಡುತ್ತದೆ, ನೀನು ಕುಡಿದ ಚಹಾದ ಬಿಸಿಯಷ್ಟೂ ಉಳಿಯುವುದಿಲ್ಲ ಎಂದರು. ಹೂಂ ಎಂದೆ. ಆದರೂ ಮನೆಗೆ ಬಂದ ಮೇಲೆ ಪೆಟ್ಟಿಗೆಯನ್ನು ಹಿತ್ತಲ ಕಟ್ಟಿಗೆಯ ಕೋಣೆಯಲ್ಲಿ ಇಟ್ಟು, ಕೈಕಾಲು ತೊಳೆದೇ ಒಳಗೆ ಹೋಗುತ್ತೇನೆ. ಆಮೇಲೆ ಇಲಿ ವೈರು ಕಡಿದೀತೆಂದು ಚಿಂತೆ ಹತ್ತಿ ಮತ್ತೆ ಹೋಗಿ ತರುತ್ತೇನೆ. ಮತ್ತೆ ಕೈಕಾಲು ತೊಳೆಯುತ್ತೇನೆ. ನೇತ್ರಾ ಅಂದಳು, "ಅದನ್ನ ತೊಟ್ಟಿಲದಾಗ ಹಾಕಿ ತೂಗ್ರಿ ಒಮ್ಮೆ, ಅದೂ ಮಲಕೊಳ್ಳಲಿ, ನೀವೂ ಮಲಕೊಳ್ರಿ."

ಮೂಡಲಗಿಯಲ್ಲಿ ಯಲ್ಲಪ್ಪಣ್ಣ ತುದಿಯವರೆಗೆ ಹೋದ. ಕಬ್ಬಿನ ಮೇಲೆ ಗಾಳಿ ಜೋರಾಗಿ ಬೀಸುತ್ತಿತ್ತು. ನಾನು ಜೀಪಿನ ಆ ಕಡೆ ಬಾಗಿಲಿಗೆ ಬೆನ್ನು ಕೊಟ್ಟು ಕೂತೆ. ನೋಡುವುದು ನನ್ನ ಕೈಲಿ ಆಗುವುದಿಲ್ಲ. ಗ್ಯಾರೇಜಿನ ತಗಡಿನ ಮೇಲೆ ಹತ್ತೆಂದರೂ ನಾನು ಹತ್ತಿದವನಲ್ಲ. ಅವನು ಇಳಿದು ಬಂದು ಬಾನೆಟ್ ಬಡಿದ ಮೇಲೆಯೇ ತಿರುಗಿದೆ.

೮ ಅಕ್ಟೋಬರ್, ಬುಧವಾರ
ಗೋಕಾಕ, ಖಂಡೆ ಪೂಜೆ

ಇವತ್ತು ಮನಸ್ಸು ಸ್ವಲ್ಪ ತಣ್ಣಗಿದೆ. ಬರೆದಿಡುತ್ತೇನೆ.

ಆಯುಧ ಪೂಜೆಯ ಹಬ್ಬಕ್ಕೆ ಸರ್ ರಜೆ ಕೊಟ್ಟು ಸಾಮಾನೆಲ್ಲ ನಮ್ಮ ಮನೆಯಲ್ಲೇ ಇರಲಿ ಎಂದರು. ಮುಂಜಾನೆ ಜೀಪು ತೊಳೆದೆ. ಪಡಸಾಲೆಯಲ್ಲಿ ಅವ್ವ ಸಾರಿಸಿ ರಂಗೋಲಿ ಹಾಕಿದ್ದಳು. ನಟ್ಟು ತಿರುವುವ ಪಾನಾಗಳು, ಜಾಕು, ಟಾಮಿ, ಅಡಿಗೆಮನೆಯ ಈಳಿಗೆ, ನೇತ್ರಾಳ ಹೊಲಿಗೆ ಕತ್ತರಿ ಸಾಲಾಗಿ ಇಟ್ಟೆವು. ಯಲ್ಲಪ್ಪಣ್ಣನೂ ತನ್ನ ಸೊಂಟದ ಬೆಲ್ಟು, ಕೊಂಡಿ ತಂದಿಟ್ಟು ಹೋದ. ಅವನ ಹೆಂಡತಿ ಇಂದ್ರವ್ವ ಪ್ರತಿ ವರ್ಷ ಅವ್ವನ ಕೈಯಿಂದಲೇ ಅದಕ್ಕೆ ಪೂಜೆ ಆಗಬೇಕು ಅನ್ನುತ್ತಾಳೆ. ಅವ್ವನ ಕೈಗುಣ ಛಲೋ ಎಂದು ಅವಳಿಗೆ ನಂಬಿಕೆ.

ಸೆನ್ಸರಿನ ಪೆಟ್ಟಿಗೆಯನ್ನೂ ಇಟ್ಟೆ. ಅವ್ವ ಪೆಟ್ಟಿಗೆಗೆ ಪೂಜೆ ಮಾಡುವುದಿಲ್ಲ ಎಂದಳು, ಸಾಮಾನು ಹೊರಗೆ ತೆಗೆಸಿದಳು. ಅದಕ್ಕೆ ಹಳದಿ ಮುಚ್ಚಳ ಇತ್ತಲ್ಲ, ಅದನ್ನು ನೋಡಿ ಕೇಳಿದಳು: "ಇದರ ಬಾಯಿ ಯಾಕ ಮುಚ್ಚೇರಿ? ಬಾಯಿ ಮುಚ್ಚಿದವ್ರಿಗೆ ಎಡಿ ಹ್ಯಾಂಗ ಮುಟ್ಟತೈತೋ ತಮ್ಮಾ?"

ಮುಚ್ಚಳ ತೆಗೆದು ಬಾಯಿ ಮೇಲೆ ಮಾಡಿ ನಿಲ್ಲಿಸಿದೆ. ವಿಭೂತಿ ಮೈಗೆ ಮಾತ್ರ ಹಚ್ಚಬೇಕು, ನೀರು ಸೋಕಿಸಬಾರದು ಎಂದು ಹೇಳಿ ಹೇಳಿ ಹಚ್ಚಿಸಿದೆ. ನೀರಿನದೇ ನನಗೆ ಚಿಂತೆ ಇತ್ತು. ಅವ್ವ ಕುಂಕುಮ ಕಲಸಿದ ಅಕ್ಷತೆ ಎಲ್ಲದರ ಮೇಲೆ ಹಾಕಿದಳು, ಇವರ ಕೈಕಾಲು ಕಾಯಪ್ಪಾ ಎಂದು ಬೇಡಿಕೊಂಡಳು. ನನಗೆ ಕಣ್ಣಲ್ಲಿ ನೀರು ಬಂತು. ಹೋಳಿಗೆ ಎರಡು ಹೆಚ್ಚೇ ತಿಂದೆ.

೯ ಅಕ್ಟೋಬರ್, ಗುರುವಾರ
ಬನ್ನಿ ಹಬ್ಬ

ಪೂಜೆಗೆ ಕೂತ ಸಾಮಾನನ್ನು ಬನ್ನಿ ಮುಡಿಯುವವರೆಗೆ ಕದಲಿಸಬಾರದು. ಸಂಜೆ ಬನ್ನಿ ಕೊಟ್ಟು ಬಂದ ಮೇಲೆ ಎತ್ತಿದೆ. ಸೆನ್ಸರಿನ ವಿಭೂತಿಯನ್ನು ಮೆತ್ತಗಿನ ಅರಿವೆಯಿಂದ ಒರೆಸಿ, ಮುಚ್ಚಳ ಹಾಕಿ ಪೆಟ್ಟಿಗೆಯಲ್ಲಿಟ್ಟೆ. ಯಲ್ಲಪ್ಪಣ್ಣ ಬನ್ನಿ ಎಲೆ ಕೊಟ್ಟು ತಬ್ಬಿಕೊಂಡು, ಬಂಗಾರದಂಗ ಇರೋಣು ಎಂದ. ಕೈ ಮುಗಿದೆ. ಅವನು ಹಿರಿಯ.

ಕೈ ತೊಳೆಯಲಿಲ್ಲ. ಪೂಜೆ ಆದ ಸಾಮಾನು, ತೊಳೆಯುವುದೇನು?

೧೩ ಅಕ್ಟೋಬರ್, ಸೋಮವಾರ
ಮೂಡಲಗಿ

ಅವ್ವನ ಪೂಜೆ ಫಲಿಸಿದ ಹಾಗಿದೆ. ಮೂಡಲಗಿ ಟವರು ಚಾಲೂ ಇದ್ದಾಗಲೂ ಪಟ್ಟಿ ಅರ್ಧಕ್ಕೇ ನಿಂತಿತು. ಹೋದ ತಿಂಗಳು ಇದೇ ಟವರಿನಲ್ಲಿ ಮೇಲಿನವರೆಗೆ ಹೋಗಿತ್ತು. ತರಂಗ ಕಡಿಮೆ ಎಂದರೆ ಪೀಡೆ ಕಡಿಮೆ. ನನಗೆ ಖುಷಿಯಾಯಿತು.

ಸರ್‌ಗೆ ಆಗಲಿಲ್ಲ. ಯಂತ್ರದ ಶಕ್ತಿಯೇ ಇಳಿದಿದೆ ಎಂದು ಬೆಳಗಾವಿಗೆ ಫೋನು ಮಾಡಿದರು. ಅಲ್ಲಿಯ ಕಂಟ್ರೋಲ್ ರೂಮಿನವರು ನಮ್ಮ ಕಡೆ ಎಲ್ಲ ಸರಿ ಕಾಣುತ್ತದೆ ಎಂದರಂತೆ. ಇವರು ಇಳಿದಿದೆ ಅನ್ನುತ್ತಾರೆ, ಅವರು ಇಲ್ಲ ಅನ್ನುತ್ತಾರೆ. ಕೊನೆಗೆ ಸರ್ ಆ ಜಾಗದ ಜೋಡಣೆ ಸಡಿಲಾಗಿರಬೇಕೆಂದು ಸೆನ್ಸರನ್ನು ಇನ್ನಷ್ಟು ಬಿಗಿಯಾಗಿ ತಿರುವಿದರು. ಪಟ್ಟಿ ಮತ್ತೂ ಇಳಿಯಿತು. ಕತ್ತಲಾಗುತ್ತ ಬಂತು, ಹೊರಟೆವು.

೧೫ ಅಕ್ಟೋಬರ್, ಬುಧವಾರ

ಜೀಪಿನ ಡೀಸೆಲ್ ಮುಳ್ಳು ಕೆಟ್ಟಿತ್ತು. ಟಾಕಿ ತುಂಬಿಸಿದರೂ ಖಾಲಿ ತೋರಿಸುತ್ತಿತ್ತು. ಗ್ಯಾರೇಜಿನಲ್ಲಿ ನಾನೇ ಬಿಚ್ಚಿ ಹಾಕಿದೆ.

ಅದಾದ ಮೇಲಿಂದ ಆ ಮುಳ್ಳು ನೋಡಿದಾಗಲೆಲ್ಲ ಮೂಡಲಗಿಯ ಪಟ್ಟಿ ನೆನಪಾಗುತ್ತದೆ. ಸರ್‌ಗೆ ಹೇಳೋಣವೆಂದರೆ ಏನೆಂದು ಹೇಳಲಿ? ಗಿರಣಿಯ ಸಪ್ಪಳಕ್ಕೆ ಹೊಯ್ಕೊಂಡವನು ನಾನು. ಬಾಯಿ ಮುಚ್ಚಿಕೊಂಡು ಜೀಪು ಹೊಡೆಯಬೇಕು.

೧೭ ಅಕ್ಟೋಬರ್, ಶುಕ್ರವಾರ
ಹತ್ತರಗಿಯಿಂದ ಬಂದ ಮೇಲೆ

ಬೆರಳು ಮಡಚಲು ಬರುವುದಿಲ್ಲ. ಪೆನ್ನು ಮುಷ್ಟಿಯಲ್ಲಿ ಹಿಡಿದು ಬರೆಯುತ್ತಿದ್ದೇನೆ.

ಹತ್ತರಗಿಯ ಟವರು ಹೈವೇ ದಂಡೆಗೆ, ಉದ್ದಪ್ಪನ ಚಹಾದಂಗಡಿಯ ಹಿಂದೆ. ಮೇಲಿನ ಆಂಟೆನಾದ ಕೇಬಲ್ ಜೋಡಣೆಯಲ್ಲಿ ಮಳೆನೀರು ಹೊಕ್ಕಿತ್ತು. ಯಲ್ಲಪ್ಪಣ್ಣ ಹೋಗಿ ಅದನ್ನು ಬಿಚ್ಚಿ ಬೇರೆ ಹಾಕಬೇಕು. ಖಂಡೆಪ್ಪ ಬಿಚ್ಚಿದ್ದೂ ಅಂಥದೇ ಜೋಡಣೆ.

ಮುಗಿಲು ಕಟ್ಟಿತ್ತು. ಮಳೆಗೆ ಮೊದಲು ಮುಗಿಸಬೇಕೆಂದು ಸರ್‌ಗೆ ಗಡಿಬಿಡಿ. ಬೆಳಗಾವಿಗೆ ಫೋನು ಮಾಡಿ ಬಂದ್ ಮಾಡಲು ಹೇಳಿದರು. ಆ ಕಡೆಯವನು ಆಯಿತು ಎಂದ. ಸರ್ ಸೆನ್ಸರು ಕೂಡಿಸಿ ಲ್ಯಾಪ್‌ಟಾಪು ತೆರೆದರು. ಪಟ್ಟಿ ನೆಲದ ಮೇಲೆ ಬಿದ್ದಿತ್ತು. ಬಂದ್ ಆತು, ಹತ್ತು ಎಂದರು. ಯಲ್ಲಪ್ಪಣ್ಣ ತನ್ನ ಫೋನನ್ನು ಜೀಪಿನ ಸೀಟಿನ ಮೇಲೆ ಎಸೆದು, ಬೆಲ್ಟು ಬಿಗಿದು ಹೊರಟ.

ನನ್ನನ್ನು ಚಹಾಕ್ಕೆ ಕಳಿಸಿದರು. ಉದ್ದಪ್ಪ ಗಲ್ಲೆಯ ಮೇಲೆ ಕೂತು ಯಾರೊಡನೆಯೋ ಸಿಮೆಂಟಿನ ವಿಚಾರ ಫೋನಿನಲ್ಲಿ ಮಾತಾಡುತ್ತಿದ್ದ. ನಡುನಡುವೆ ನಗುತ್ತಿದ್ದ. ಚಹಾ ಕೊಡು ಎಂದು ಕೈ ಮಾಡಿದೆ. ಅವನು ನಿಲ್ಲು ಎಂದು ಕೈ ಮಾಡಿ ಮಾತು ಮುಂದುವರಿಸಿದ. ನಿಂತೆ.

ಆಮೇಲೆ ಹೊಳೆಯಿತು. ಈ ಟವರು ಬಂದ್ ಆದಾಗಲೆಲ್ಲ ಮೊದಲು ಬೇಲಿಗೆ ಬಂದು ಬೈಯುವವನು ಉದ್ದಪ್ಪನೇ. ಅವನ ಅಂಗಡಿಯ ಬಾಗಿಲಿಗೆ ಈ ಟವರಿನ ಮೊಬೈಲ್ ಕಂಪನಿಯವರೇ ಬಣ್ಣ ಹಚ್ಚಿ ಸಿಮ್ ಕಾರ್ಡು ಕೊಟ್ಟಿದ್ದಾರೆ. ಧಂದೆ ಕೆಡಿಸಾಕ ಬಂದೀರೇನು ಎಂದು ಪ್ರತಿ ಸಲ ಜಗಳ ತೆಗೆಯುತ್ತಾನೆ. ಇವತ್ತು ಜಗಳ ತೆಗೆದಿಲ್ಲ.

"ಉದ್ದಪ್ಪಣ್ಣ, ಸರಿಯಾಗಿ ಕೇಳಸ್ತೈತೇನ?" ಎಂದೆ.

ಅವನು ಫೋನನ್ನು ಕಿವಿಯಿಂದ ಸ್ವಲ್ಪ ತೆಗೆದು, "ಎದುರಿಗೆ ಕುಂತು ಮಾತಾಡಿದಂಗ ಕೇಳಾಕತ್ತೈತಿ ನೋಡು" ಅಂದ.

ಓಡಿದೆ. ಸರ್‌ಗೆ ಹೇಳಿದೆ. ಅವರು ಪರದೆ ತೋರಿಸಿದರು. ಪಟ್ಟಿ ನೆಲದ ಮೇಲೇ ಇತ್ತು. ಉದ್ದಪ್ಪನ ಫೋನು ಸಂಕೇಶ್ವರ ಕಡೆಯ ಟವರು ಹಿಡಿದಿರುತ್ತದೆ, ನೀನು ಚಹಾ ತಾ ಎಂದರು. ಅವರು ಹೇಳಿದ್ದೂ ಆಗಬಹುದಾದದ್ದೇ. ಒಮ್ಮೆ ಬೆಳಗಾವಿಗೆ ಫೋನ್ ಹಚ್ಚಿ ಕೇಳ್ರಿ ಎಂದೆ. ಹಚ್ಚಿದರು. ಯಾರೂ ಎತ್ತಲಿಲ್ಲ.

ಮೇಲೆ ಮುಖ ಮಾಡಿ ಕೂಗಿದೆ. ಹೈವೇ ಲಾರಿಗಳ ಸಪ್ಪಳ, ಗಾಳಿ ಬೇರೆ. ಯಲ್ಲಪ್ಪಣ್ಣ ಒಮ್ಮೆ ಕೆಳಗೆ ನೋಡಿದ. ನಾನೆಂದು ಗೊತ್ತಾಗಿ, ಕಾಗೆ ಹಾರಿಸುವ ಹಾಗೆ ಕೈ ಬೀಸಿ ಮತ್ತೆ ಹತ್ತತೊಡಗಿದ. ಅವನದೇನು ತಪ್ಪು? ಇಳಿಯುವುದಿಲ್ಲ ಎಂದು ಹುಕ್ಕೇರಿಯಲ್ಲೇ ಹೇಳಿದ್ದ.

ಏಣಿ ಹಿಡಿದೆ. ಸರ್ ನನ್ನ ಹೆಸರು ಹಿಡಿದು ಕೂಗಿದ್ದು ಕೇಳಿತು. ಬೆಲ್ಟಿಲ್ಲದೆ ಹತ್ತಬೇಡ ಎಂದರೋ ಏನೋ. ಒಂದು ಚಪ್ಪಲಿ ಅಲ್ಲೇ ಬಿತ್ತು, ಇನ್ನೊಂದನ್ನು ನಾನೇ ಒದ್ದೆ. ಕಬ್ಬಿಣ ತಣ್ಣಗಿತ್ತು, ಮೇಲೆ ಮೇಲೆ ಹೋದಂತೆ ನಡುಗುತ್ತಿತ್ತು. ಟವರು ನಡುಗುತ್ತಿತ್ತೋ ನಾನೋ ತಿಳಿಯದು. ಕೆಳಗೆ ನೋಡಲಿಲ್ಲ. ಮೇಲೂ ನೋಡಲಿಲ್ಲ. ಮೂಗಿನ ಮುಂದಿನ ಏಣಿಯ ಮೆಟ್ಟಿಲನ್ನೇ ನೋಡಿ ಹಿಡಿದೆ. ಅವ್ವಾ ಅವ್ವಾ ಅನ್ನುತ್ತಿದ್ದೆ, ನಾಚಿಕೆ ಬಿಟ್ಟು. ನಡುವೆ ಒಂದು ಕಡೆ ಎರಡೂ ಕೈಯಿಂದ ಕಂಬ ತಬ್ಬಿ ನಿಂತುಬಿಟ್ಟೆ, ಮುಂದೂ ಇಲ್ಲ ಹಿಂದೂ ಇಲ್ಲ. ಇಲ್ಲಿಯೇ ಸಾಯುತ್ತೇನೆ ಎಂದುಕೊಂಡೆ. ಖಂಡೆಪ್ಪನ ಹೆಂಡತಿ ರೊಟ್ಟಿ ಮುರಿದು ಅವನ ಬಾಯಿಗೆ ಇಡುವುದು ಕಣ್ಣಿಗೆ ಬಂತು. ಆ ಬಾಯಿ ಯಲ್ಲಪ್ಪಣ್ಣನದಾಗಿ ಕಂಡಿತು. ಮತ್ತೆ ಕೈ ಮೇಲೆ ಹೋಯಿತು. ಅದು ಹೇಗೆ ಹೋಯಿತೋ ನನಗೆ ಗೊತ್ತಿಲ್ಲ.

ಬೂಟು ಕಂಡಿತು. ಅವನ ಪ್ಯಾಂಟಿನ ಕಾಲು ಹಿಡಿದು ಜಗ್ಗಿದೆ.

"ಕೈ ಬಿಡಲೇ ಮಗನ, ಇಬ್ರೂ ಹೋಗ್ತೇವಿ."

ನನಗೆ ಉಸಿರಿಲ್ಲ. ಹೇಳಬೇಕಾದದ್ದೆಲ್ಲ ಮರೆತೆ. "ಉದ್ದಪ್ಪ ಇನ್ನೂ ಮಾತಾಡಾಕತ್ತಾನು" ಎಂದೆ. ಅಷ್ಟೇ ಬಂತು.

ಅವನು ಬೈಯಲು ಬಾಯಿ ತೆರೆದವನು ಹಾಗೇ ನಿಂತ. ಅಲ್ಲಿಂದ ಕೆಳಗೆ ಅಂಗಡಿಯ ಮುಂದಿನ ಬಯಲು ಕಾಣುತ್ತಿತ್ತೆಂದು ಆಮೇಲೆ ಸರ್‌ಗೆ ಹೇಳಿದ. ಉದ್ದಪ್ಪ ಹೊರಗೆ ಬಂದು, ಕಿವಿಗೆ ಕೈ ಹಚ್ಚಿಕೊಂಡು ಅಡ್ಡಾಡುತ್ತಿದ್ದುದನ್ನು ಅವನು ನೋಡಿದ. ಯಲ್ಲಪ್ಪಣ್ಣನ ಬಲಗೈಯಲ್ಲಿ ಪಾನಾ ಇತ್ತು. ಜೋಡಣೆ ಅವನ ತಲೆಯ ಮೇಲೆ, ಇನ್ನೊಂದು ತೋಳು ಚಾಚಿದರೆ ಸಿಗುವಷ್ಟು ದೂರ. ಪಾನಾವನ್ನು ಚೀಲಕ್ಕೆ ಹಾಕಿದ.

ಇಳಿಸುವಾಗ ಒಂದೊಂದು ಪಾದವನ್ನೂ ಎಲ್ಲಿ ಇಡಬೇಕೆಂದು ಅವನೇ ಹೇಳಿದ. ಎಮ್ಮೆಗೆ ಹೇಳಿದ ಹಾಗೆ ಮೆಲ್ಲಗೆ ಹೇಳಿದ.

ಕೆಳಗೆ ಬಂದಾಗ ಸರ್ ಸಿಟ್ಟಿನಿಂದ ನನ್ನ ಕಡೆ ಬಂದರು. ಅಷ್ಟರಲ್ಲಿ ಅವರ ಫೋನು ರಿಂಗಾಯಿತು. ಬೆಳಗಾವಿಯವನು. ನಡುವೆ ಬೇರೆ ಊರಿನ ಕೆಲಸ ಬಂತು, ನಿಮ್ಮದು ಈಗ ಬಂದ್ ಮಾಡುತ್ತಿದ್ದೇನೆ, ಮಾಡಲೇ ಎಂದು ಕೇಳಿದ. ಸರ್ ಮಾಡಬೇಡ ಎಂದರು. ಪಟ್ಟಿ ನೋಡಿದರು, ಟವರು ಚಾಲೂ ಇದ್ದರೂ ಅದು ಬಿದ್ದೇ ಇತ್ತು. ಸೆನ್ಸರನ್ನು ಬಿಚ್ಚಿ, ಅದರ ಬಾಯಿಯನ್ನು ಬೆಳಕಿಗೆ ಹಿಡಿದು ಬಗ್ಗಿ ನೋಡಿದರು. ಅಂಗೈ ಮೇಲೆ ಬೋರಲು ಹಾಕಿ ಬೆರಳಿನಿಂದ ತಟ್ಟಿದರು, ಮತ್ತೆ ತಟ್ಟಿದರು.

ಒಂದು ಅಕ್ಕಿಕಾಳು ಬಿತ್ತು. ಕೆಂಪಗಿತ್ತು. ಅದರ ಹಿಂದೆ ಪುಡಿಯಾದ ಇನ್ನೊಂದು.

ಸರ್ ಸೆನ್ಸರನ್ನು ಊದಿ ಮತ್ತೆ ಕೂಡಿಸಿದರು. ಹಸಿರು ಪಟ್ಟಿ ಒಮ್ಮೆಲೇ ಪರದೆಯ ಮೇಲಿನವರೆಗೆ ಎದ್ದಿತು.

ನಮ್ಮ ಮನೆಯ ಅಕ್ಷತೆ ಅದು, ಮುಚ್ಚಳ ನಾನೇ ತೆಗೆದದ್ದು ಎಂದೆ. ಯಲ್ಲಪ್ಪಣ್ಣ ನೆಲಕ್ಕೆ ಕೂತು ತನ್ನ ಎರಡೂ ಅಂಗೈ ಮುಂದೆ ಹಿಡಿದು ನೋಡುತ್ತಿದ್ದ. ಉದ್ದಪ್ಪ ಬಂದು, ಮೂರು ಚಹಾ ಮಾಡಿಟ್ಟು ಯಾರೂ ಬರಲಿಲ್ಲವೆಂದು ಬೈದ.

೧೮ ಅಕ್ಟೋಬರ್, ಶನಿವಾರ

ನೇತ್ರಾ ಅಂಗೈಗೆ ಎಣ್ಣೆ ಹಚ್ಚಿದಳು. ಜೀಪಿನ ಜಾಕು ಜಾರಿತು ಎಂದು ಹೇಳಿದ್ದೆ. ಇಂದ್ರವ್ವ ಬಂದು ಎಲ್ಲ ಹೇಳಿ ಹೋಗಿದ್ದಾಳೆ. ನೇತ್ರಾ ನಗಲಿಲ್ಲ. ಅವಳು ನಗದಿದ್ದರೆ ನನಗೆ ಅಂಜಿಕೆ ಹೆಚ್ಚಾಗುತ್ತದೆ.

೨೧ ಅಕ್ಟೋಬರ್, ಮಂಗಳವಾರ
ಗೋಕಾಕ

ಆಫೀಸಿಗೆ ಹೋಗಿ ಪೆಟ್ಟಿಗೆಯನ್ನೂ ಜೀಪಿನ ಕೀಲಿಯನ್ನೂ ಸರ್ ಮೇಜಿನ ಮೇಲಿಟ್ಟೆ. ನನಗೆ ಯಾವ ಕೆಲಸವೂ ಬೇಡ ಎಂದೆ. ಅವರ ಕಣ್ಣು ಉಬ್ಬಿದ್ದವು, ನಿದ್ದೆ ಮಾಡಿದಂತೆ ಕಾಣಲಿಲ್ಲ.

ಸರ್ ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಚಾಲೂ ಇದ್ದಾಗ ಪಟ್ಟಿ ಏರತೈತೇನು ಅಂತ ಮೊದಲ ನೋಡಬೇಕಿತ್ತು. ಆಮ್ಯಾಲ ಬಂದ್ ಮಾಡಿಸಿ, ಬಿದ್ದದ್ದನ್ನ ನೋಡಬೇಕಿತ್ತು. ನಾ ಬಿದ್ದದ್ದನ್ನಷ್ಟ ನೋಡಿದೆ. ಮೂಡಲಗ್ಯಾಗನ ತಿಳೀಬೇಕಿತ್ತು ನನಗ. ನೀ ಮುಚ್ಚಳ ತಗದಿ ಕಾಶಿನಾಥ, ನಾ ಕಣ್ಣು ಮುಚ್ಚಿದೆ." ಮೇಲಿನವರಿಗೂ ಹೀಗೇ ತಿಳಿಸಿದ್ದಾರಂತೆ. ಸೆನ್ಸರು ತಪಾಸಣೆಗೆ ಪುಣೆಗೆ ಹೋಗುತ್ತದೆ. ಬರುವವರೆಗೆ ಹಳೆಯ ಪೆಟ್ಟಿಗೆ ಮೀಟರು. ಕೀಲಿಯನ್ನು ಮಾತ್ರ ನನ್ನ ಕಡೆ ಸರಿಸಿದರು.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಹೇಳಬಾರದಿತ್ತು. "ದೇವರ ಅಕ್ಕಿ ಹಿಂಗ ಮಾಡತೈತೇನೋ?" ಎಂದು ಕೇಳಿದಳು. ದೇವರದೇನಿಲ್ಲ, ಮುಚ್ಚಳದ್ದು ಎಂದೆ. ಆಕೆ ಸೆರಗು ಹೊದ್ದುಕೊಂಡು ಯಲ್ಲಪ್ಪಣ್ಣನ ಮನೆಗೆ ಹೋದಳು. ಅಲ್ಲಿ ಏನು ಮಾತಾಡಿದರೋ ಗೊತ್ತಿಲ್ಲ. ಇಂದ್ರವ್ವ ಕೈ ಹಿಡಿದು ಮನೆಯವರೆಗೆ ಬಿಟ್ಟು ಹೋದಳು.

ಅವತ್ತು ಇಳಿದ ಮೇಲೆ ಯಲ್ಲಪ್ಪಣ್ಣ ನನ್ನೊಡನೆ ಮಾತಾಡಿಲ್ಲ. ಬಯ್ದಿದ್ದರೆ ಛಲೋ ಇತ್ತು. ಹತ್ತರಗಿಯಾದ ಮೇಲೆ ಅವನು ಯಾವ ಟವರೂ ಹತ್ತಿಲ್ಲ. ಸೊಂಟ ಹಿಡಿದಿದೆ ಅನ್ನುತ್ತಾನೆ.

೩೦ ಅಕ್ಟೋಬರ್, ಗುರುವಾರ

ದೀಪಾವಳಿ ಆಯಿತು. ಪಟಾಕಿಗೆ ಈ ಸಲ ನಾನು ಹೆದರಲಿಲ್ಲ ಎಂದು ನೇತ್ರಾ ಅಂದಳು. ಲಕ್ಷ್ಯ ಬೇರೆ ಕಡೆ ಇತ್ತು. ಯಲ್ಲಪ್ಪಣ್ಣನ ಸೊಂಟದ ಚಿಂತೆ. ಅದು ಸೊಂಟವಲ್ಲ. ಅಂಜಿಕೆ ಏನೆಂದು ನನಗೆ ಗೊತ್ತಿಲ್ಲವೇ? ಅದು ಸೊಂಟಕ್ಕೂ ಬರುತ್ತದೆ, ಹಲ್ಲಿಗೂ ಬರುತ್ತದೆ.

೧೪ ನವೆಂಬರ್, ಶುಕ್ರವಾರ
ಮೂಡಲಗಿ

ಸೆನ್ಸರು ಪುಣೆಯಿಂದ ಬಂದಿದೆ. ಒಳಗಿನ ಮೊಳೆ ಸರಿಮಾಡಿ, ಹೊಸ ಮುಚ್ಚಳ ಹಾಕಿ ಕಳಿಸಿದ್ದಾರೆ. ಸರ್ ಅದನ್ನು ಮತ್ತೆ ನನ್ನ ಕೈಗೇ ಕೊಟ್ಟರು. ಬೇಡವೆಂದೆ. ಕೇಳಲಿಲ್ಲ.

ಇವತ್ತು ಹತ್ತಲೇಬೇಕಾದ ಕೆಲಸ. ಯಲ್ಲಪ್ಪಣ್ಣ ದಾರಿಯುದ್ದಕ್ಕೂ ತಂಬಾಕು ತಿಕ್ಕಿ ತಿಕ್ಕಿ ಹಾಕಿಕೊಂಡ. ಟವರಿನ ಕೆಳಗೆ ಸರ್ ಸೆನ್ಸರು ಕೂಡಿಸಿದರು. ಚಾಲೂ ಇದ್ದಾಗ ಪಟ್ಟಿ ಏರಿತು. ಬೆಳಗಾವಿಯವರು ಬಂದ್ ಮಾಡಿದರು, ಪಟ್ಟಿ ಬಿತ್ತು. ಎಲ್ಲ ಸರಿಯಾಗಿತ್ತು. ಸರ್ ಹತ್ತು ಎಂದರು.

ಯಲ್ಲಪ್ಪಣ್ಣ ಬೆಲ್ಟು ಬಿಗಿದು ಏಣಿಗೆ ಕೈ ಹಚ್ಚಿದ, ಹಾಗೇ ನಿಂತ. ಕುತ್ತಿಗೆ ತಿರುಗಿಸಿ ನನ್ನನ್ನು ನೋಡಿದ.

"ಹತ್ತಲೇನು?"

ಸರ್ ಅಲ್ಲೇ ಇದ್ದರು. ಲ್ಯಾಪ್‌ಟಾಪು ತೆರೆದೇ ಇತ್ತು. ಕೇಳಿದ್ದು ನನ್ನನ್ನು. ಹುಕ್ಕೇರಿಯ ಹಾಗೆ ನಕ್ಕಿದ್ದರೆ ಎಷ್ಟು ಸುಖವಿತ್ತು. ಇಷ್ಟು ದಿನ ನನ್ನ ಅಂಜಿಕೆ ನನ್ನೊಬ್ಬನದೇ ಇತ್ತು, ಒಂದು ಮೂಲೆಯಲ್ಲಿ ಕೂತು ಅಂಜಿದರೆ ಯಾರಿಗೂ ತೊಂದರೆ ಇರಲಿಲ್ಲ. ಈಗ ಒಬ್ಬ ಅದರ ಮೇಲೆ ಕಾಲಿಟ್ಟು ಹತ್ತುತ್ತೇನೆ ಅನ್ನುತ್ತಿದ್ದಾನೆ.

ಇನ್ನೊಮ್ಮೆ ಚಾಲೂ ಮಾಡಿಸ್ರಿ ಸರ್ ಎಂದೆ. ಬಯ್ಯುತ್ತಾರೆ ಎಂದುಕೊಂಡಿದ್ದೆ. ಅವರು ಬೇರೆ ಕಂಪನಿಯ ಕಾರ್ಡಿದ್ದ ತಮ್ಮ ಫೋನು ತೆಗೆದು ಹಚ್ಚಿದರು. ಪಟ್ಟಿ ಎದ್ದಿತು. ಯಲ್ಲಪ್ಪಣ್ಣನನ್ನೂ ಕರೆದು ನೋಡಿಸಿದೆ. ಬಂದ್ ಮಾಡಿಸ್ರಿ ಎಂದೆ. ಬಿತ್ತು. ಹತ್ತರಗಿಯಾದ ಮೇಲೆ ಈ ಟವರಿನ ಕಂಪನಿಯದೇ ಕಾರ್ಡು ಹಾಕಿಸಿದ ನನ್ನ ಫೋನು ತೆಗೆದು ನೋಡಿದೆ, ಅದರ ಸಿಗ್ನಲ್ಲೂ ಸತ್ತಿತ್ತು. ಬೆಳಗಾವಿಯವನಿಗೆ, ನಾವು ಹೇಳುವವರೆಗೆ ಆ ಗುಂಡಿಯ ಹತ್ತಿರ ಯಾರೂ ಹೋಗಬಾರದು ಎಂದು ಸರ್ ಫೋನಿನಲ್ಲಿ ನಾನೇ ಹೇಳಿದೆ. ಯಾರು ಮಾತಾಡೋದು ಎಂದು ಅವನು ಕೇಳಿದ. ಡ್ರೈವರ್ ಎಂದೆ.

ಆಮೇಲೆ ಯಲ್ಲಪ್ಪಣ್ಣನಿಗೆ ಹತ್ತು ಎಂದೆ.

ಅವನು ಹೋದ. ಕಬ್ಬಿನ ಗಾಳಿ ಅವತ್ತಿನಂತೆಯೇ ಇತ್ತು. ನಾನು ಬಯಲಿಗೆ ಬಂದು ಅವನು ಕಾಣುವ ಹಾಗೆ ನಿಂತೆ. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು, ಕುತ್ತಿಗೆ ಹಿಡಿಯಿತು. ಕಣ್ಣು ತೆಗೆದರೆ ಏನಾದರೂ ಆದೀತು ಅನ್ನಿಸಿ ತೆಗೆಯಲಿಲ್ಲ.

ಮೇವಿನ ಹೊರೆ ಹೊತ್ತ ಮುದುಕಿಯೊಬ್ಬಳು ದಾರಿಯಲ್ಲಿ ಹೋಗುತ್ತಿದ್ದವಳು ನಿಂತಳು. ನಾನು ನೋಡುವ ಕಡೆ ನೋಡಲು ಹೊರೆ ಅಡ್ಡ ಬಂತು. ಅದನ್ನು ಕೆಳಗಿಳಿಸಿದಳು.

"ಮ್ಯಾಲೆ ಏನೈತೋ ಯಪ್ಪಾ?"

"ನಮ್ಮಾಂವ ಒಬ್ಬ ಅದಾನವ್ವ."

ಅವಳು ಹಣೆಗೆ ಕೈ ಅಡ್ಡ ಹಿಡಿದು ನನ್ನ ಬಾಜೂಕ ನಿಂತಳು. ಅವನು ಇಳಿದು ನೆಲಕ್ಕೆ ಕಾಲಿಡುವವರೆಗೆ ಅವಳೂ ಹೋಗಲಿಲ್ಲ. ಆಮೇಲೆ ಹೊರೆಯನ್ನು ನಾನೇ ಅವಳ ತಲೆಗೆ ಎತ್ತಿ ಕೊಟ್ಟೆ.